ಇಪ್ಪತ್ತೆರಡು ಮಕ್ಕಳಿಗೆ ಎಲ್ಲಿ ಊಟ?

ನಮ್ಮ ತಾಲ್ಲೂಕಿನ ಮೇಷ್ಟ್ರೊಬ್ಬರು ಫೋನು ಮಾಡಿದ್ದರು. ಏಳನೇ ಕ್ಲಾಸಿನ 22 ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಬರುತ್ತಾರಂತೆ. ವಿಧಾನಸೌಧ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ಲಾಲ್‌ಬಾಗು. "ನೋಡೋದೆಲ್ಲ ಪಟ್ಟಿ ಮಾಡಿದೀನಿ ಕಣ್ರಪ್ಪ. ಹೊಟ್ಟೆಗೆ ಎಲ್ಲಿ ಹಾಕ್ಸೋದು ಅನ್ನೋದೊಂದೇ ಗೊತ್ತಾಯ್ತಿಲ್ಲ. ನೀವು ಅಲ್ಲೇ ಇದ್ದೀರಲ್ಲ, ಹೇಳಿ" ಅಂದರು. ಫೋನು ಇಡುವ ಮುಂಚೆ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದರು. "ಅರ್ಧಕ್ಕರ್ಧ ನಮ್ ಕೇರಿ ಮಕ್ಳು. ಇಸ್ಕೂಲಲ್ಲಿ ಬಿಸಿಯೂಟಕ್ಕೆ ಎಷ್ಟು ಹೇಳುದ್ರೂ ಅವೇ ಎರಡು ಸಾಲಾಗಿ ಕೂತ್ಕತವೆ."

ಆ ಕೊನೆಯ ಮಾತು ಇಲ್ಲದಿದ್ದರೆ ಎರಡು ಹೋಟೆಲಿನ ಹೆಸರು ಹೇಳಿ ಮುಗಿಸುತ್ತಿದ್ದೆವು. ಈಗ ಬರೆಯಬೇಕಾಗಿದೆ.

ನಾವು ಅಂದರೆ ನಾಲ್ಕು ಜನ. ಬೇರೆ ಬೇರೆ ಊರು, ಒಂದೇ ರೂಮು. ಮನೆ ಮಾಲೀಕರು ಬೀಗದ ಕೈ ಕೊಡುವಾಗಲೇ "ನಾನ್‌ವೆಜ್ ಮಾಡಂಗಿಲ್ಲ" ಅಂದಿದ್ದರು. ಅವರ ಮೂಗು ಈಗಲೂ ನಮ್ಮ ಒಲೆಯ ಮೇಲೆಯೇ ಇದೆ. ಹಾಗಾಗಿ ಹೊರಗೆ ಉಣ್ಣುವುದು ನಮಗೆ ಶೋಕಿಯಲ್ಲ. ನಾಲಗೆ ಕೇಳಿದ್ದನ್ನು ತಿನ್ನಬೇಕಾದರೆ ಬೀದಿಗೆ ಇಳಿಯಲೇಬೇಕು. ಆರು ವರ್ಷ ಹೀಗೆ ಇಳಿದೂ ಇಳಿದೂ ಈ ಮಹಾನಗರವನ್ನು ಹೊಟ್ಟೆಯಿಂದ ಕಲಿತಿದ್ದೇವೆ.

ಊರಿನ ಮಾತು ಹೇಳದೆ ಬೆಂಗಳೂರಿನ ಮಾತು ಹೇಳಲಾಗದು. ತಾತನ ಕಾಲದಲ್ಲಿ ಊರ ಹೋಟೆಲಿನ ಹೊರಗೆ ನಿಂತವರಿಗೆ ತೆಂಗಿನ ಚಿಪ್ಪಿನಲ್ಲಿ ಟೀ ಹುಯ್ಯುತ್ತಿದ್ದರು. ಅಪ್ಪನ ಕಾಲಕ್ಕೆ ಚಿಪ್ಪು ಹೋಗಿ ಗಾಜಿನ ಲೋಟ ಬಂತು. ಅದು ಸೂರಿನಲ್ಲಿ ಸಿಕ್ಕಿಸಿರುತ್ತಿತ್ತು. ತೆಗೆದುಕೊಳ್ಳಬೇಕು, ತೊಳೆಯಬೇಕು, ಕೈ ಚಾಚಿ ಹಿಡಿಯಬೇಕು, ಅವರು ಮೇಲಿಂದ ಹುಯ್ದದ್ದನ್ನು ಕುಡಿಯಬೇಕು, ಮತ್ತೆ ತೊಳೆದು ಅಲ್ಲೇ ಸಿಕ್ಕಿಸಬೇಕು. ನಮ್ಮ ಕಾಲಕ್ಕೆ ಪೇಪರ್ ಕಪ್ಪು ಬಂದಿದೆ. ಕುಡಿದು ಬಿಸಾಕು. ಹೋಟೆಲಿನವನಿಗೆ ಮೈಲಿಗೆಯ ಭಯವೂ ಇಲ್ಲ, ಕೇಸಿನ ಭಯವೂ ಇಲ್ಲ. ಕೇಸು ಹಾಕಲು ಕಾಯಿದೆಯೇನೋ ಇದೆ: 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ, 1976ರಿಂದ ಅದರ ಹೆಸರು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ. ಅದಕ್ಕೂ ಮುಂಚೆ ಸಂವಿಧಾನದ 15ನೇ ವಿಧಿ ಇದೆ. ಅದರಲ್ಲಿ ಬಾವಿ, ಕೆರೆಗಳ ಮಾತು ಬರುವ ಮೊದಲೇ ಅಂಗಡಿ ಮತ್ತು ಹೋಟೆಲಿನ ಮಾತು ಬರುತ್ತದೆ. ಬರೆದವರಿಗೆ ಗೊತ್ತಿತ್ತು. ಅಮೆರಿಕ, ಲಂಡನ್ನಿನಲ್ಲಿ ಓದಿ ಬಂದು 1917ರಲ್ಲಿ ಬರೋಡಾದ ನೌಕರಿಗೆ ಸೇರಿದ ಬಾಬಾಸಾಹೇಬರಿಗೆ ತಂಗಲು ಎಲ್ಲೂ ಜಾಗ ಸಿಗಲಿಲ್ಲ. ಪಾರ್ಸಿಗಳ ಛತ್ರವೊಂದರ ಪುಸ್ತಕದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪು ಬಂದು ಅವರನ್ನು ಹೊರಗಟ್ಟಿತು.

ಇಂಥ ಊರುಗಳಿಂದ ಬಂದ ನಮಗೆ ಬೆಂಗಳೂರಿನಲ್ಲಿ ಮೊದಲು ಸಿಕ್ಕಿದ್ದು ದರ್ಶಿನಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಅಂತ ಶುರುವಾದದ್ದು, ಈಗ ಆ ಮಾದರಿಯ ಹೋಟೆಲಿಲ್ಲದ ಬಡಾವಣೆ ಹುಡುಕಬೇಕು. ದುಡ್ಡು ಕೊಟ್ಟು ಚೀಟಿ ತಗೋ, ಚೀಟಿ ಕೊಟ್ಟು ಇಡ್ಲಿ ತಗೋ, ಎದೆಮಟ್ಟದ ಟೇಬಲ್ಲಿನ ಮುಂದೆ ನಿಂತು ತಿನ್ನು, ಹೋಗು. ಕುರ್ಚಿ ಇಲ್ಲ. ಕುರ್ಚಿ ಇಲ್ಲದಿರುವುದರಿಂದ ಯಾರ ಪಕ್ಕ ಯಾರು ಕೂತರು ಅನ್ನುವುದಿಲ್ಲ. ಪಂಕ್ತಿಯೇ ಇಲ್ಲದಿದ್ದರೆ ಪಂಕ್ತಿಭೇದ ಎಲ್ಲಿಂದ ಬಂದೀತು! ಮೊದಲ ಸಲ ಪಕ್ಕದಲ್ಲಿ ಜನಿವಾರದ ಯಜಮಾನರೊಬ್ಬರು ನಮ್ಮ ಚಟ್ನಿಗೆ ಮೊಣಕೈ ತಾಗಿಸಿ "ಸಾರಿ" ಅಂದಾಗ ನಾವು ರೂಮಿಗೆ ಬಂದು ಅದನ್ನೇ ಮಾತಾಡಿದ್ದೆವು. ಇದನ್ನು ಕಟ್ಟಿದವರು ಜಾತಿ ತೊಲಗಿಸಲು ಕಟ್ಟಿದ್ದಲ್ಲ. ಜಾಗ ಕಮ್ಮಿ, ಗಿರಾಕಿ ಜಾಸ್ತಿ, ಬೇಗ ತಿಂದು ಬೇಗ ಹೋಗಲಿ ಅನ್ನುವ ವ್ಯಾಪಾರದ ಬುದ್ಧಿ. ಆದರೂ ಬಸವಣ್ಣನ ಕಾಲದಿಂದ ಹೇಳಿ ಹೇಳಿ ಆಗದ ಒಂದು ಕೆಲಸವನ್ನು ನಾಲ್ಕು ಅಡಿ ಎತ್ತರದ ಒಂದು ಟೇಬಲ್ಲು ಹತ್ತು ನಿಮಿಷದ ಮಟ್ಟಿಗೆ ಮಾಡುತ್ತದೆ. ಅದಕ್ಕೆ ನಾವು ಋಣಿಗಳು.

ಹತ್ತು ನಿಮಿಷದ ಮಟ್ಟಿಗೆ ಅಂದದ್ದು ಯಾಕೆಂದರೆ, ಅಪ್ಪ.

ಘಟಿಕೋತ್ಸವಕ್ಕೆ ಅಪ್ಪ ಬಂದಿದ್ದ. ನಮ್ಮ ಮನೆಯಲ್ಲಿ ಆ ಕಪ್ಪು ನಿಲುವಂಗಿ ಕಂಡವರು ಅದಕ್ಕೂ ಮುಂಚೆ ಯಾರೂ ಇಲ್ಲ. ಜ್ಞಾನಭಾರತಿಯಿಂದ ಬಸ್ಸು ಹಿಡಿದು ಪೇಟೆಗೆ ಬಂದು, ಈ ಹೊತ್ತು ನಿಂತುಕೊಂಡು ತಿನ್ನುವುದು ಬೇಡ ಅಂತ, ಕೂತು ತಿನ್ನುವ ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋದೆವು. ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡಲು ಹೋದ. ಬೇಡ ಅಂದೆವು. ಕುರ್ಚಿಯ ತುದಿಯಲ್ಲಿ ಕೂತ. ಮಸಾಲೆ ದೋಸೆಯನ್ನು ಯಾರಾದರೂ ಕಿತ್ತುಕೊಂಡಾರು ಅನ್ನುವ ಹಾಗೆ ತಲೆ ಎತ್ತದೆ ತಿಂದ. ಕಾಫಿ ಬಂತು. ಕುಡಿದ. ಆಮೇಲೆ ಲೋಟ ಹಿಡಿದುಕೊಂಡು ಎದ್ದು ನಿಂತು ಸುತ್ತ ನೋಡಿದ. ನಮಗೆ ತಿಳಿಯುವಷ್ಟರಲ್ಲಿ ಕೈ ತೊಳೆಯುವ ತೊಟ್ಟಿಯ ಹತ್ತಿರ ಹೋಗಿ ನಲ್ಲಿ ತಿರುಗಿಸಿ ಲೋಟ ತೊಳೆಯತೊಡಗಿದ. ಸಪ್ಲಯರ್ ಹುಡುಗ ನಕ್ಕ. "ಯಜಮಾನ್ರೇ, ಬಿಡಿ ಬಿಡಿ, ಒಳಗೆ ತೊಳೀತಾರೆ." ಎರಡು ಮೂರು ಟೇಬಲ್ಲಿನವರು ತಿರುಗಿ ನೋಡಿದರು. ನಾವು ಹೋಗಿ ಅಪ್ಪನ ಕೈಯಿಂದ ಲೋಟ ಕಸಿದುಕೊಂಡೆವು. ಮೆಲ್ಲಗೆ ತೆಗೆದುಕೊಳ್ಳಬಹುದಿತ್ತು. ಕಸಿದುಕೊಂಡೆವು.

ಬೀದಿಗೆ ಬಂದ ಮೇಲೆ ಸಿಟ್ಟಿನಿಂದಲೇ ಅಂದೆವು: "ಇಲ್ಲಿ ಹಂಗೆಲ್ಲ ಇಲ್ಲ ಕಣಪ್ಪ."

ಅಪ್ಪ ಅಂದ: "ಗೊತ್ತು ಕಣ್ಲಾ ಮಗ. ಅವರ್ಗೆ ಗೊತ್ತಿಲ್ವಲ್ಲ ನಾವ್ಯಾರು ಅಂತ. ಅದ್ಕೇ ತೊಳ್ದೆ."

ಈ ಮಾತಿಗೆ ನಮ್ಮ ಹತ್ತಿರ ಆಗಲೂ ಉತ್ತರ ಇರಲಿಲ್ಲ. ನಾಲ್ವರೂ ಡಿಗ್ರಿ ಮಾಡಿದವರು, ಅಂಬೇಡ್ಕರ್ ಓದಿದವರು, ಪದ್ಯ ಬರೆಯುವವರು. ಅಪ್ಪ ಒಂದು ಲೋಟದಲ್ಲಿ ಕಂಡದ್ದನ್ನು ನಾವು ಮೂರು ವರ್ಷ ದರ್ಶಿನಿಯಲ್ಲಿ ತಿಂದೂ ಕಂಡಿರಲಿಲ್ಲ. ಬೆಂಗಳೂರು ನಮ್ಮನ್ನು ಒಳಗೆ ಬಿಟ್ಟಿರುವುದು ನಾವು ಯಾರೆಂದು ತಿಳಿದಲ್ಲ. ತಿಳಿಯದೆ. ನಾವು ಬಾಯಿ ಮುಚ್ಚಿಕೊಂಡಿರುವಷ್ಟು ಹೊತ್ತು ದೋಸೆ ಬಿಸಿಯಾಗಿರುತ್ತದೆ.

ಅವತ್ತಿನಿಂದ ಹೋಟೆಲುಗಳ ಬೋರ್ಡು ಓದುವ ಚಟ ಹತ್ತಿತು. ಬ್ರಾಹ್ಮಣರ ಹೆಸರಿನ ಕಾಫಿ, ಅಯ್ಯಂಗಾರರ ಬೇಕರಿ ಬೀದಿಗೊಂದು, ಗೌಡರ ಮುದ್ದೆ, ನಾಯ್ಡುಗಳ ಬಿರಿಯಾನಿ, ರೆಡ್ಡಿಗಳ ಮೆಸ್ಸು. ಜಾತಿ ಇಲ್ಲಿ ರುಚಿಯ ಖಾತ್ರಿ ಮುದ್ರೆ. ನಮ್ಮ ಹೆಸರಿನ ಬೋರ್ಡು ಮಾತ್ರ ಆರು ವರ್ಷದಲ್ಲಿ ನಮಗೆ ಕಂಡಿಲ್ಲ. ಹೊಲಗೇರಿಯ ಹುರುಳಿಕಾಳು ಬಸ್ಸಾರಿಗೆ ರುಚಿ ಇಲ್ಲವೇ? 1957ರಲ್ಲಿ ಮದರಾಸಿನ ತಿರುವಲ್ಲಿಕೇಣಿಯಲ್ಲಿ ಒಂದು ಹೋಟೆಲಿನ ಬೋರ್ಡಿನಿಂದ ‘ಬ್ರಾಹ್ಮಣ’ ಅನ್ನುವ ಪದ ತೆಗೆಸಲು ಪೆರಿಯಾರ್ ಕಡೆಯವರು ದಿನವೂ ಸರದಿಯಂತೆ ಹೋಗಿ ಜೈಲು ಸೇರಿದರು. ನಮ್ಮಲ್ಲಿ ಆ ಪದ ನೋಡಿಯೇ ಜನ ಸರದಿಯಲ್ಲಿ ನಿಲ್ಲುತ್ತಾರೆ. ನಾವೂ ನಿಂತಿದ್ದೇವೆ, ಸುಳ್ಳು ಯಾಕೆ.

ರುಚಿಯ ವಿಷಯದಲ್ಲಿ ಸುಳ್ಳು ಹೇಳಬಾರದು. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರದು. ಅಲ್ಲಿನ ದೋಸೆ ದಪ್ಪ, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. 1924ರದು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ಹೋದಾಗ ರವೆಯಲ್ಲಿ ಇಡ್ಲಿ ಮಾಡಿದವರು ತಾವೇ ಎಂದು ಅವರು ಹೇಳಿಕೊಳ್ಳುತ್ತಾರೆ. ಅಕ್ಕಿ ಇಲ್ಲದಾಗ ಏನು ತಿನ್ನಬೇಕೆಂದು ನಮ್ಮ ಅವ್ವಂದಿರೂ ಕಂಡುಹಿಡಿದಿದ್ದಾರೆ, ಬೋರ್ಡು ಹಾಕಿಸಲಿಲ್ಲ ಅಷ್ಟೆ. ಮಾಂಸ ಬೇಕಾದರೆ ಹಳೇ ಪೇಟೆಯ ಮಿಲಿಟರಿ ಹೋಟೆಲುಗಳಿವೆ. ದೊನ್ನೆ ಬಿರಿಯಾನಿ, ಕಾಲು ಸೂಪು, ತಲೆಮಾಂಸ. ಆದರೆ ಅಲ್ಲಿಯೂ ಪಟ್ಟಿ ಕುರಿ ಕೋಳಿಗೆ ನಿಂತುಬಿಡುತ್ತದೆ.

ನಿಲ್ಲದೆ ಮುಂದೆ ಹೋಗುವ ಜಾಗ ಅಂದರೆ ಶಿವಾಜಿನಗರ, ರಸೆಲ್ ಮಾರ್ಕೆಟ್ಟಿನ ಸುತ್ತಲಿನ ಗಲ್ಲಿಗಳು. ಊರಲ್ಲಿ ದನಿನ ಬಾಡು ತಂದರೆ ಟವಲಿನಲ್ಲಿ ಸುತ್ತಿ, ಕತ್ತಲಾದ ಮೇಲೆ ತರಬೇಕಿತ್ತು. ಶಿವಾಜಿನಗರದಲ್ಲಿ ಮೊದಲ ಸಲ ಹಗಲು ಹೊತ್ತು, ಟ್ಯೂಬ್‌ಲೈಟಿನ ಕೆಳಗೆ, ಅದರ ಹೆಸರು ಹಿಡಿದು ಗಟ್ಟಿಯಾಗಿ ಕೇಳಿ ತರಿಸಿಕೊಂಡು ಪರೋಟದ ಜೊತೆ ತಿಂದೆವು. ನಮ್ಮಲ್ಲೊಬ್ಬ ಕಣ್ಣಲ್ಲಿ ನೀರು ಹಾಕಿಕೊಂಡ. ಖಾರಕ್ಕೆ ಅಂದ. 1964ರ ಕಾಯಿದೆಯಲ್ಲಿ 12 ವರ್ಷ ದಾಟಿದ ಇಲ್ಲವೇ ಕೆಲಸಕ್ಕೆ ಬಾರದ ಎತ್ತು, ಕೋಣ, ಎಮ್ಮೆಗೆ ಅವಕಾಶವಿತ್ತು. 2021ರ ಜನವರಿಯಲ್ಲಿ ಜಾರಿಗೆ ಬಂದ ಕಾಯಿದೆ ಎತ್ತನ್ನೂ ಹೋರಿಯನ್ನೂ ಪೂರ್ತಿ ಮುಚ್ಚಿ, 13 ವರ್ಷ ದಾಟಿದ ಎಮ್ಮೆ ಕೋಣಗಳನ್ನು ಮಾತ್ರ ಬಿಟ್ಟಿತು. ನಾವು ಹೋಗುತ್ತಿದ್ದ ಒಂದು ಹೋಟೆಲಿನ ಗೋಡೆಯ ಪಟ್ಟಿಯಲ್ಲಿ ಒಂದು ಸಾಲಿನ ಮೇಲೆ ಬಿಳಿ ಕಾಗದ ಅಂಟಿಸಿದ್ದರು. ಕಾಗದದ ಕೆಳಗಿನ ಅಕ್ಷರ ಬೆಳಕಿಗೆ ಕಾಣುತ್ತಿತ್ತು. ಮೇಷ್ಟ್ರೇ, ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಅಂತ ಹೇಳುವ ಧೈರ್ಯ ನಮಗಿಲ್ಲ. ನಿಮ್ಮ ನೌಕರಿ ಹೋದೀತು.

ಮಾಲುಗಳ ವಿಷಯ ಬಿಡಿ. ಅಲ್ಲಿ ಒಂದು ಪಿಜ್ಜಾದ ದುಡ್ಡಿನಲ್ಲಿ ನಿಮ್ಮ ಅರ್ಧ ಬಸ್ಸು ಉಣ್ಣುತ್ತದೆ.

ನಮ್ಮ ರೂಮಿನಲ್ಲೊಬ್ಬ ಎಂ.ಎ. ಮಾಡಿ ಊಟದ ಪಾರ್ಸಲ್ ಹೊರುತ್ತಾನೆ. ಊರಲ್ಲಿ ನಾವು ಮುಟ್ಟಿದ್ದನ್ನು ಉಣ್ಣದವರಿಗೆ ಇಲ್ಲಿ ಬಾಗಿಲಿಗೆ ಹೋಗಿ ಊಟ ಕೊಡ್ತೀನಲ್ಲ ಅಂತ ಮೊದಮೊದಲು ನಗುತ್ತಿದ್ದ. ಆಮೇಲೆ ಒಂದು ಅಪಾರ್ಟ್‌ಮೆಂಟಿನಲ್ಲಿ "ಆ ಲಿಫ್ಟು ನಿಮ್ಗಲ್ಲ, ಹಿಂದಿನದ್ರಲ್ಲಿ ಹೋಗಿ" ಅಂದರು, ನಗು ಕಮ್ಮಿಯಾಯಿತು. 2024ರ ಮಾರ್ಚಿನಲ್ಲಿ ಜೊಮ್ಯಾಟೊ ಕಂಪನಿ ಶುದ್ಧ ಸಸ್ಯಾಹಾರಿಗಳಿಗೆ ಬೇರೆ ತಂಡ, ಆ ತಂಡಕ್ಕೆ ಹಸಿರು ಬಟ್ಟೆ ಎಂದು ಸಾರಿತು. ಗದ್ದಲವೆದ್ದು ಮಾರನೇ ದಿನವೇ ಹಸಿರು ಬಟ್ಟೆ ಕೈಬಿಟ್ಟಿತು. ಇವನು ಬೇರೆ ಕಂಪನಿಯವನು. ಆದರೂ ಆ ರಾತ್ರಿ ತನ್ನ ಬ್ಯಾಗನ್ನು ರೂಮಿನ ನಡುವೆ ಇಟ್ಟು, "ಇದ್ರೊಳಗೆ ಬಿರಿಯಾನಿ ಎಷ್ಟು, ಪೊಂಗಲ್ ಎಷ್ಟು ಕೂತಿದೆಯೋ ಯಾವನಿಗೆ ಗೊತ್ತು, ಎರಡೂ ಒಂದ್ನೊಂದು ಅಪ್ಕೊಂಡೇ ಹೋಗವೆ" ಅಂದ. ಅದೇ ಒಂದು ಪದ್ಯ. ಅವನು ಬರೆಯಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇವೆ, ಮೇಷ್ಟ್ರೇ. ಬೆಳಗಿನ ತಿಂಡಿಗೆ ಇಂದಿರಾ ಕ್ಯಾಂಟೀನು. 2017ರ ಆಗಸ್ಟ್ 16ರಂದು ಜಯನಗರದ ಕನಕನಪಾಳ್ಯದಲ್ಲಿ ಮೊದಲನೆಯದು ಶುರುವಾಯಿತು. ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಅಂತ ಇಟ್ಟ ದರ. ಚೆನ್ನೈನ ಅಮ್ಮಾ ಕ್ಯಾಂಟೀನು ನೋಡಿ ಮಾಡಿದ್ದು. ನೋಡಿ ಮಾಡಿದರೇನಂತೆ, ಹೊಟ್ಟೆ ತುಂಬುತ್ತದೆ. ಕಸ ಗುಡಿಸಿ ಬಂದ ಪೌರಕಾರ್ಮಿಕ ಅವ್ವ, ಆಟೋದವರು, ಲ್ಯಾಪ್‌ಟಾಪು ಬ್ಯಾಗಿನ ಹುಡುಗ ಒಂದೇ ಟೇಬಲ್ಲಿಗೆ ತಟ್ಟೆ ಇಟ್ಟು ನಿಂತು ತಿನ್ನುವುದನ್ನು ಮಕ್ಕಳು ನೋಡಲಿ. ಮ್ಯೂಸಿಯಮ್ಮಿನಷ್ಟೇ ನೋಡುವಂಥದ್ದು.

ಮಧ್ಯಾಹ್ನಕ್ಕೆ ಮಾತ್ರ ಮಕ್ಕಳು ಕೂತು ಉಣ್ಣಬೇಕು. ಅದಕ್ಕೊಂದು ಜಾಗ ಹೇಳುತ್ತೇವೆ. ಕಲಾಸಿಪಾಳ್ಯದ ಬಸ್ ನಿಲ್ದಾಣದ ಕಡೆಯ ಒಂದು ಗಲ್ಲಿ, ಲಾಲ್‌ಬಾಗಿಗೆ ದೂರವಿಲ್ಲ. ಶೀಟು ಹೊದಿಸಿದ ಗೂಡು, ಎರಡು ಬೆಂಚು, ಬೋರ್ಡಿಲ್ಲ. ಮುದ್ದೆ, ಬಸ್ಸಾರು ಇಲ್ಲ ಉಪ್ಪುಸಾರು, ಭಾನುವಾರ ಬೋಟಿ ಗೊಜ್ಜು. ನಡೆಸುವವಳು ನಮ್ಮ ಕಡೆಯ ಒಬ್ಬ ಅಕ್ಕ. ಎರಡನೇ ಸಲ ಹೋದಾಗ ಅಕ್ಕ ಕೇಳಿದಳು, "ಯಾವೂರ್ರಪ್ಪ?" ಹೇಳಿದೆವು. "ಅಲ್ಲಿ ಯಾವ ಬೀದಿ?"

ಈ ಎರಡನೇ ಪ್ರಶ್ನೆ ನಮ್ಮಂಥವರಿಗೆ ಗೊತ್ತು. ಬಸ್ಸಿನಲ್ಲಿ, ರೂಮು ಹುಡುಕುವಾಗ, ಕಾಲೇಜಿನ ಮೊದಲ ದಿನ ಇದು ಬಂದಾಗಲೆಲ್ಲ ಮಾರಿಗುಡಿ ಬೀದಿ ಅಂತಲೋ, ಬಸ್‌ಸ್ಟ್ಯಾಂಡ್ ಹತ್ರ ಅಂತಲೋ ಹೇಳಿ ಜಾರಿಕೊಂಡಿದ್ದೇವೆ. ಅವತ್ತು ಯಾಕೋ ಅಪ್ಪನ ಲೋಟ ನೆನಪಾಯಿತು. ಕೇರಿಯ ಹೆಸರನ್ನೇ ಹೇಳಿದೆವು, ಪಕ್ಕದ ಬೆಂಚಿಗೂ ಕೇಳುವಷ್ಟು.

ಸೌಟು ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಆಮೇಲೆ ಮುದ್ದೆಯ ಮೇಲೆ ಸಾರು ಬಿತ್ತು. "ಉಣ್ಣಿ, ಆರೋಯ್ತದೆ" ಅಂದಳು. ಆ ಗಳಿಗೆ ಯಾಕೆ ನಿಂತಿತು ಅನ್ನುವುದರ ಮೇಲೆ ನಮ್ಮಲ್ಲಿ ಇವತ್ತಿಗೂ ಜಗಳ. ಹಿಂದೆ ಬಸ್ಸು ಹಾರನ್ ಹೊಡೆಯಿತು, ಅದಕ್ಕೆ ತಿರುಗಿದಳು ಅಂತ ಇಬ್ಬರು. ಇಲ್ಲ ಅಂತ ಇಬ್ಬರು. ಅಕ್ಕನ ಜಾತಿ ನಾವು ಕೇಳಿಲ್ಲ. ಲೋಟಗಳೆಲ್ಲ ಒಂದೇ ಬಕೇಟಿಗೆ ಬೀಳುತ್ತವೆ, ಅವಳ ಮಗ ತೊಳೆಯುತ್ತಾನೆ. ಮಾರನೇ ವಾರ ಹೋದಾಗ ನಮ್ಮನ್ನು ನೋಡಿ, ಕೇಳದೆಯೇ ನಾಲ್ಕು ತಟ್ಟೆ ಜೋಡಿಸಿದಳು.

ಮೊನ್ನೆ ಬುಧವಾರ ಹೋಗಿ ವಿಷಯ ತಿಳಿಸಿದೆವು. 22 ಮಕ್ಕಳು, ಮೇಷ್ಟ್ರು, ಡ್ರೈವರು. "ಹಿಂದಿನ್ ದಿನ ಒಂದ್ ಮಾತು ಹೇಳ್ರಪ್ಪ, ಇಟ್ಟು ಜಾಸ್ತಿ ಬೀಸ್ಕಬೇಕು" ಅಂದಳು. ಆಮೇಲೆ ಬೆಂಚಿನ ಕಡೆ ನೋಡಿ ಲೆಕ್ಕ ಹಾಕಿದಳು.

"ಇರೋವು ಎರಡೇ ಬೆಂಚು. ಐಕ್ಳು ಒಬ್ಬರಿಗೊಬ್ಬರು ಒತ್ಕೊಂಡು ಕೂರ್ಬೇಕಾಯ್ತದಲ್ಲ?"

ಕೂರ್ತವೆ ಅಂದೆವು.