ಅಜ್ಜಿಯ ಎಡಗಣ್ಣು

ಅಜ್ಜಂಪುರದ ಆ ಮನೆಯಲ್ಲಿ ಅದನ್ನು ಮೊದಲು ಗಮನಿಸಿದವಳು ಮೊಮ್ಮಗಳು. ಜಗಲಿಯ ಮೇಲೆ ಕುಳಿತು ಈರುಳ್ಳಿ ಹಸನು ಮಾಡುತ್ತಿದ್ದ ಅಜ್ಜಿಯ ಮುಖಕ್ಕೆ ಸಂಜೆಬಿಸಿಲು ಬಿದ್ದಿತ್ತು. ಬಲಗಣ್ಣಿನ ರೆಪ್ಪೆಗೂದಲು ಎಪ್ಪತ್ತರ ವಯಸ್ಸಿಗೆ ತಕ್ಕಂತೆ ಉದುರಿ, ಅಲ್ಲೊಂದು ಇಲ್ಲೊಂದು ಬೆಳ್ಳಗೆ ನಿಂತಿದ್ದವು. ಎಡಗಣ್ಣಿನವು ಮಾತ್ರ ಅಮೃತಮಹಲ್ ಕಾವಲಿನ ಎಳೆಗರುವಿನ ರೆಪ್ಪೆಯ ಹಾಗೆ ಕಪ್ಪಗೆ, ಉದ್ದಕ್ಕೆ, ತುದಿಯಲ್ಲಿ ಮೇಲಕ್ಕೆ ಬಾಗಿ ಬೆಳೆದಿದ್ದವು!

"ಅಜ್ಜಿ, ಎಡಗಣ್ಣಿಗೆ ಏನು ಹಚ್ಕೋತೀಯ?"

"ಏನೂ ಇಲ್ಲ ಕಣೆ. ರಾತ್ರಿ ಹೊತ್ತು ಆ ಪ್ರೆಷರ್ ಹನಿ ಹಾಕ್ಕೋತೀನಿ, ಅಷ್ಟೇ."

ಅಜ್ಜಿಯ ಎಡಗಣ್ಣಿಗೆ ಗ್ಲಾಕೋಮ. ಕಣ್ಣಿನೊಳಗಿನ ದ್ರವ ಸರಾಗವಾಗಿ ಹೊರಗೆ ಹರಿಯದೆ ಒತ್ತಡ ಏರಿ, ಮಿದುಳಿಗೆ ನೋಟವನ್ನು ಒಯ್ಯುವ ನರ ಸದ್ದಿಲ್ಲದೆ ಸಾಯುವ ರೋಗ ಇದು. ನೋವಿಲ್ಲ, ಉರಿಯಿಲ್ಲ. ಹೋದ ದೃಷ್ಟಿ ಯಾವ ಶಸ್ತ್ರಚಿಕಿತ್ಸೆಯಿಂದಲೂ ಮರಳುವುದಿಲ್ಲ. ಇದ್ದಷ್ಟನ್ನು ಉಳಿಸಿಕೊಳ್ಳಲು ಕಡೂರಿನ ಕಣ್ಣಿನ ವೈದ್ಯರು ಬಿಮಾಟೊಪ್ರಾಸ್ಟ್ ಎಂಬ ಹನಿಯನ್ನು ದಿನಕ್ಕೊಮ್ಮೆ ಹಾಕಿಕೊಳ್ಳಲು ಬರೆದುಕೊಟ್ಟಿದ್ದರು.

ಮೊಮ್ಮಗಳಿಗೆ ಆಗ ತರೀಕೆರೆಯ ಕಡೆ ಮದುವೆ ಗೊತ್ತಾಗಿತ್ತು. ಹೆಣ್ಣು ನೋಡಲು ಬಂದಿದ್ದ ಹೆಂಗಸರಲ್ಲಿ ಯಾರೋ ಒಬ್ಬರು, "ಲಕ್ಷಣವಾಗಿದಾಳೆ, ಕಣ್ರೆಪ್ಪೆ ಒಂದು ಸ್ವಲ್ಪ ತೆಳು" ಎಂದಿದ್ದರಂತೆ. ಇಂಥ ಮಾತನ್ನು ಆಡಿದವರು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಮರೆಯುತ್ತಾರೆ, ಕೇಳಿಸಿಕೊಂಡವರು ಮರೆಯುವುದಿಲ್ಲ. ಹುಡುಗಿ ಹರಳೆಣ್ಣೆ ಹಚ್ಚಿ ನೋಡಿದಳು. ನಂದಿಬಟ್ಟಲು ಹೂವಿನ ರಸದಲ್ಲಿ ಬತ್ತಿ ಅದ್ದಿ, ದೀಪದ ಮಸಿ ಹಿಡಿದು ಅಮ್ಮ ಮಾಡಿಕೊಟ್ಟ ಕಾಡಿಗೆಯನ್ನೂ ಹಚ್ಚಿದಳು. ಎಣ್ಣೆಯಿಂದ ರೆಪ್ಪೆಗೆ ಹೊಳಪು ಬಂದೀತೇ ಹೊರತು ಅದರಿಂದ ಕೂದಲು ಬೆಳೆಯುತ್ತದೆಂದು ಯಾವ ಪರೀಕ್ಷೆಯೂ ಸಾಬೀತು ಮಾಡಿಲ್ಲ. ಹೀಗಿರುವಾಗ ಅಜ್ಜಿಯ ಗೂಡಿನಲ್ಲೇ ಸಂಜೀವಿನಿ ಸಿಕ್ಕರೆ ಯಾರು ಬಿಟ್ಟಾರು?

ಅವಳ ಊಹೆ ತಪ್ಪೇನೂ ಆಗಿರಲಿಲ್ಲ. ಅಮೆರಿಕದಲ್ಲಿ 2001ರಲ್ಲಿ ಲುಮಿಗಾನ್ ಎಂಬ ಹೆಸರಿನಲ್ಲಿ ಈ ಔಷಧ ಗ್ಲಾಕೋಮಕ್ಕೆಂದು ಬಂದಾಗ, ರೋಗಿಗಳ ರೆಪ್ಪೆಗೂದಲು ಬೆಳೆಯುವುದು ಒಂದು ಅಡ್ಡ ಪರಿಣಾಮವಾಗಿತ್ತು. ಆ ಅಡ್ಡ ಪರಿಣಾಮವನ್ನೇ ಮುಖ್ಯ ಮಾಡಿಕೊಂಡು, ಅದೇ 0.03 ಶೇಕಡ ದ್ರಾವಣ 2008ರ ಡಿಸೆಂಬರಿನಲ್ಲಿ ಲ್ಯಾಟಿಸ್ ಎಂಬ ಇನ್ನೊಂದು ಹೆಸರು ಹೊತ್ತು ಅಲ್ಲಿ ಅನುಮತಿ ಪಡೆಯಿತು. ತಲೆಗೂದಲು ವರ್ಷಗಟ್ಟಲೆ ಬೆಳೆಯುತ್ತದೆ. ರೆಪ್ಪೆಗೂದಲು ಕೆಲವೇ ವಾರ ಬೆಳೆದು ನಿಂತುಬಿಡುತ್ತದೆ. ಈ ಔಷಧ ಆ ಬೆಳೆಯುವ ಅವಧಿಯನ್ನು ಹಿಗ್ಗಿಸುತ್ತದೆ. ಹಾಗೆಂದು ರಾತ್ರಿ ಹಚ್ಚಿ ಬೆಳಿಗ್ಗೆ ಕನ್ನಡಿ ನೋಡುವಂಥದ್ದಲ್ಲ. ಫಲ ಕಾಣಲು ಎರಡು ತಿಂಗಳು, ಪೂರ್ತಿ ಸಿಗಲು ಹದಿನಾರು ವಾರ ಬೇಕು. ಬಿಟ್ಟರೆ ರೆಪ್ಪೆ ಮತ್ತೆ ಮೊದಲಿನಂತೆಯೇ.

ಹುಡುಗಿಗೆ ಇದೊಂದೂ ಗೊತ್ತಿರಲಿಲ್ಲ. ಅಜ್ಜಿ ಮಲಗಿದ ಮೇಲೆ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಶೀಸೆಯ ಬಾಯಿಗೆ ಒತ್ತಿ ನೆನೆಸಿ, ಎರಡೂ ಕಣ್ಣುಗಳ ಮೇಲಿನ ಕೆಳಗಿನ ರೆಪ್ಪೆಗೆಲ್ಲ ಧಾರಾಳವಾಗಿ ಸವರುತ್ತಿದ್ದಳು. ಬೇಗ ಬೆಳೆಯಲೆಂದು ಬೆಳಗಿನ ಜಾವವೂ ಇನ್ನೊಂದು ಸಲ. ಶೀಸೆ ಇದ್ದದ್ದು ಮೂರು ಮಿಲಿಲೀಟರು. ಕೈ ನಡುಗುವ ಅಜ್ಜಿಗೆ ಒಂದು ಹನಿ ಕಣ್ಣಿಗೆ ಬೀಳಬೇಕಾದರೆ ಎರಡು ಹನಿ ಕೆನ್ನೆಗೆ ಹೋಗುತ್ತಿತ್ತು. ತಿಂಗಳು ಬರಬೇಕಾದದ್ದು ಹದಿನೆಂಟನೆಯ ದಿನಕ್ಕೆ ತಳ ಕಂಡಿತು.

ಅಜ್ಜಿ ಯಾರ ಮೇಲೂ ಅನುಮಾನಪಡಲಿಲ್ಲ. ತನ್ನ ಕೈಯನ್ನೇ ಬೈದುಕೊಂಡಳು. ಮದುವೆ ಖರ್ಚಿನ ನಡುವೆ ಮಗನನ್ನು ಇನ್ನೊಂದು ಶೀಸೆ ಕೇಳಲು ಸಂಕೋಚವಾಗಿ, ಉಳಿದದ್ದನ್ನು ದಿನ ಬಿಟ್ಟು ದಿನ ಹಾಕಿಕೊಂಡಳು. ಆಮೇಲೆ ಸುಮ್ಮನಾದಳು. ನೋವಿಲ್ಲದ ಕಾಯಿಲೆ ಇಂಥ ಉಳಿತಾಯಕ್ಕೆ ಚೆನ್ನಾಗಿ ಒಗ್ಗುತ್ತದೆ!

ತಪಾಸಣೆಯ ದಿನ ಬೀರೂರು ದಾಟಿ ಕಡೂರಿಗೆ ಅಜ್ಜಿಯ ಜೊತೆಗೆ ಹೋದವಳು ಮೊಮ್ಮಗಳೇ. ಹಿಂದಿನ ಸಲ 15 ಇದ್ದ ಒತ್ತಡ 26 ತೋರಿಸಿತು. ಸಾಮಾನ್ಯರಲ್ಲಿ ಅದು 10ರಿಂದ 21ರ ಒಳಗಿರುತ್ತದೆ.

"ಹನಿ ದಿನಾ ಹಾಕ್ಕೋತಿದೀರಾ ಅಜ್ಜಿ?"

"ಬೇಗ ಖಾಲಿಯಾಗೋಯ್ತು ಡಾಕ್ಟ್ರೆ. ಈ ಹಾಳು ಕೈ ನೋಡಿ, ಎಲ್ಲಾ ಚೆಲ್ಲಿಬಿಡ್ತದೆ."

ವೈದ್ಯರು ಅಜ್ಜಿಯ ಕೈ ನೋಡಲಿಲ್ಲ. ಪಕ್ಕದಲ್ಲಿದ್ದ ಹುಡುಗಿಯ ಕೆಂಪಡರಿದ ಕಣ್ಣುಗಳನ್ನು ನೋಡಿದರು. ಅವಳು ಅಲ್ಲೇ ಅತ್ತು ಎಲ್ಲ ಹೇಳಿದಳು.

ಬೈಗುಳ ಬೀಳಲಿಲ್ಲ. ಅವರು ಅಜ್ಜಿಯ ಮುಖವನ್ನು ಬೆಳಕಿಗೆ ತಿರುಗಿಸಿ ತೋರಿಸಿದರು. ಎಡರೆಪ್ಪೆಯ ಚರ್ಮ ಕಪ್ಪಾಗಿತ್ತು. ಕಣ್ಣಿನ ಸುತ್ತಲ ಕೊಬ್ಬು ಕರಗಿ ಆ ಕಣ್ಣು ಬಲಗಣ್ಣಿಗಿಂತ ಗುಳಿ ಬಿದ್ದಿತ್ತು. ಹನಿ ಹರಿದ ಕೆನ್ನೆಯ ಜಾಡಿನಲ್ಲಿ ನವಿರು ಕೂದಲು ಹುಟ್ಟಿತ್ತು. ತಿಳಿಬಣ್ಣದ ಕಣ್ಣಿನವರಿಗಾದರೆ ಪಾಪೆಯ ಸುತ್ತಲಿನ ಬಣ್ಣವೇ ಕಂದಾಗಿ, ಹಾಗೆಯೇ ಉಳಿದುಬಿಡಬಹುದು. ದೃಷ್ಟಿ ಉಳಿಸಿಕೊಳ್ಳಲು ಅಜ್ಜಿ ತೆರುವ ಬೆಲೆ ಇದು. ರೆಪ್ಪೆಗಾಗಿ ತೆರಬೇಕೇ ಎಂಬುದು ಬೇರೆ ಪ್ರಶ್ನೆ. ಬೇಕೇಬೇಕು ಎನ್ನುವವರು ಮೊದಲು ಕಣ್ಣು ಪರೀಕ್ಷೆ ಮಾಡಿಸಿ, ವೈದ್ಯರ ಚೀಟಿಯ ಮೇಲೆ, ತಮ್ಮದೇ ಶೀಸೆ ಕೊಳ್ಳಬೇಕು. ರಾತ್ರಿ ಮುಖ ತೊಳೆದು, ಒಂದೊಂದು ಕಣ್ಣಿಗೂ ಹೊಸ ಕ್ರಿಮಿರಹಿತ ಕುಂಚದಲ್ಲಿ, ಮೇಲಿನ ರೆಪ್ಪೆಯ ಬುಡಕ್ಕೆ ಮಾತ್ರ ಒಂದು ಗೆರೆ ಎಳೆದು, ಹೆಚ್ಚಾದದ್ದನ್ನು ಒರೆಸಬೇಕು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದಿಟ್ಟು, ಹದಿನೈದು ನಿಮಿಷ ಬಿಟ್ಟು ಹಾಕಿಕೊಳ್ಳಬೇಕು. ಬಸುರಿಯರು, ಹಾಲೂಡಿಸುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಶೀಸೆಯ ಬಾಯಿಗೆ ಹತ್ತಿ, ಬೆರಳು, ರೆಪ್ಪೆ ಏನೂ ತಾಕಬಾರದು. ತಾಕಿದರೆ ಸೋಂಕು ನೇರ ಅಜ್ಜಿಯ ಕಣ್ಣಿಗೇ.

"ಹಾಗಾದ್ರೆ ತಲೆಗೆ ಹಚ್ಚೋ ಡೈ ಒಂಚೂರು ರೆಪ್ಪೆಗೆ ಹಚ್ಚಬಹುದಾ ಸರ್? ಪಾರ್ಲರಿನಲ್ಲಿ ಯಾರೋ ಹೇಳಿದ್ರು" ಎಂದು ಹುಡುಗಿ ಮೂಗೊರೆಸಿಕೊಂಡು ಕೇಳಿದಳಂತೆ. ಮದುವೆಯ ಹೆಣ್ಣಿನ ಛಲ ಎಂದರೆ ಇದೇ! ವೈದ್ಯರು ಈ ಸಲ ಮಾತ್ರ ದನಿ ಏರಿಸಿದರು. 1933ರಲ್ಲಿ ಅಮೆರಿಕದಲ್ಲಿ ಲ್ಯಾಶ್ ಲೂರ್ ಎಂಬ ರೆಪ್ಪೆಬಣ್ಣ ಹಚ್ಚಿಕೊಂಡ ಹೆಂಗಸರು ಕಣ್ಣು ಕಳೆದುಕೊಂಡರು, ಒಬ್ಬಾಕೆ ಸತ್ತೇಹೋದಳು. ಸೌಂದರ್ಯಸಾಧನಗಳನ್ನೂ ಹತೋಟಿಗೆ ತಂದ 1938ರ ಅಲ್ಲಿನ ಕಾನೂನಿಗೆ ಅದೂ ಒಂದು ಕಾರಣ. ಅದರಲ್ಲಿದ್ದ ಪ್ಯಾರಾಫಿನೈಲೀನ್ ಡೈಅಮೀನ್ ಎಂಬ ರಾಸಾಯನಿಕವೇ ಇಂದು ನಮ್ಮ ಸಂತೆಯಲ್ಲಿ ಸಿಗುವ ಎಷ್ಟೋ ಕಪ್ಪು ಡೈಗಳಲ್ಲಿದೆ. ರೆಪ್ಪೆಗೆ, ಹುಬ್ಬಿಗೆ ಹಚ್ಚಿದರೆ ಕುರುಡಾಗಬಹುದೆಂದು ಅಂಥ ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಬೇಕೆಂಬ ನಿಯಮ ಭಾರತದಲ್ಲೂ ಇದೆ. ಆ ಸಣ್ಣ ಅಕ್ಷರ ಓದಲು ಕಣ್ಣು ಚೆನ್ನಾಗಿರಬೇಕು, ಅಷ್ಟೇ.

ಹೊಸ ಶೀಸೆ ಬಂತು. ಒತ್ತಡ ಇಳಿಯಿತು. ನಡುವಿನ ದಿನಗಳಲ್ಲಿ ಆ ನರದ ಎಷ್ಟು ಎಳೆ ಸತ್ತವೋ ಅಜ್ಜಿಗೂ ಗೊತ್ತಾಗಲಿಲ್ಲ, ಕೇಳುವ ಧೈರ್ಯ ಮೊಮ್ಮಗಳಿಗೂ ಬರಲಿಲ್ಲ. ಮದುವೆಯವರೆಗೆ ದಿನವೂ ರಾತ್ರಿ ಎಂಟೂವರೆಗೆ ಅಜ್ಜಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹನಿ ಹಾಕಿದವಳು ಅವಳೇ. ಒಂದೇ ಒಂದು ಹನಿ; ಕೆನ್ನೆಗೆ ಇಳಿದದ್ದನ್ನು ಸೆರಗಿನಲ್ಲಿ ಒರೆಸುವಳು. ತರೀಕೆರೆಗೆ ಹೊರಡುವ ಹಿಂದಿನ ದಿನ ಆ ಕೆಲಸವನ್ನು ತಮ್ಮನಿಗೆ ಕಲಿಸಿಕೊಟ್ಟು, ಕ್ಯಾಲೆಂಡರಿನಲ್ಲಿ ತಾರೀಕಿನ ಮೇಲೆ ದಿನವೂ ಗೀಟು ಹಾಕಬೇಕೆಂದು ಆಣೆ ಮಾಡಿಸಿಕೊಂಡಳು. ಅಜ್ಜಿ ಶೀಸೆಯನ್ನು ಈಗ ಗೂಡಿನಲ್ಲಿಡುವುದಿಲ್ಲ, ಎಲೆಯಡಿಕೆ ಚೀಲದಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ.