ಅರ ಹಿಡಿದ ಕೈಗೆ ಮೂರನೇ ಸೆಮಿಸ್ಟರ್

ಎಂಜಿನಿಯರ್ ಆಗಬೇಕೆಂದರೆ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನ ಮುಂದೆ ಎರಡು ದಾರಿ. ಎರಡು ವರ್ಷ ಪಿಯುಸಿ ಓದಿ ನಾಲ್ಕು ವರ್ಷದ ಬಿಇಗೆ ಹೋಗುವುದು ಒಂದು. ಮೂರು ವರ್ಷ ಡಿಪ್ಲೊಮಾ ಮಾಡಿ, ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು, ನೇರವಾಗಿ ಬಿಇ ಎರಡನೇ ವರ್ಷಕ್ಕೆ, ಅಂದರೆ ಮೂರನೇ ಸೆಮಿಸ್ಟರ್‌ಗೆ ಸೇರುವುದು ಇನ್ನೊಂದು. ಯಾವ ದಾರಿ ಹಿಡಿದರೂ ಆರು ವರ್ಷ. ಮಳೆ ನಂಬಿ ಕಡಲೆಕಾಯಿ ಬಿತ್ತುವ ಪಾವಗಡ ಸೀಮೆಯ ನಮ್ಮಂಥ ಮನೆಗಳಿಗೆ ಎರಡನೆಯದೇ ಹಿಡಿಸುತ್ತಿತ್ತು. ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಫೀಸು ಕಡಿಮೆ, ಟ್ಯೂಷನ್ ಖರ್ಚಿಲ್ಲ, ನಡುವೆ ಓದು ನಿಂತರೂ ಪೀಣ್ಯದ ಕಾರ್ಖಾನೆಯಲ್ಲೊಂದು ಕೆಲಸ ಸಿಕ್ಕೀತೆಂಬ ಧೈರ್ಯ. "ಒಂದು ವರ್ಷವೂ ಹಾಳಾಗಲ್ಲ ಕಣಣ್ಣ, ಕಳಿಸು" ಎಂದು ಊರಿನವರು ಅಪ್ಪನಿಗೆ ಹೇಳಿದರು. ವರ್ಷದ ಲೆಕ್ಕ ಸರಿಯಾಗಿಯೇ ಇತ್ತು. ಓದಿನ ಲೆಕ್ಕ ಸರಿಯಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು 2016ರಲ್ಲಿ, ಎಂಜಿನಿಯರಿಂಗ್ ಕಾಲೇಜಿನ ಬೆಂಚಿನ ಮೇಲೆ ಕೂತಾಗ.

ಪಾಲಿಟೆಕ್ನಿಕ್ ನನಗೆ ಕೊಟ್ಟದ್ದನ್ನು ಮೊದಲು ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮಗೆ ಅಲ್ಲಿನ ಮೇಷ್ಟ್ರುಗಳು ಇಂಗ್ಲಿಷ್ ಪುಸ್ತಕವನ್ನು ಕನ್ನಡದಲ್ಲೇ ಬಿಡಿಸಿ ಹೇಳಿದರು. ಫಿಟಿಂಗ್ ಶಾಪಿನಲ್ಲಿ ಕಬ್ಬಿಣದ ಪಟ್ಟಿಯನ್ನು ವೈಸಿಗೆ ಕಚ್ಚಿಸಿ ಅರದಿಂದ ಉಜ್ಜಿ ಉಜ್ಜಿ ಅಂಗೈಯಲ್ಲಿ ಬೊಬ್ಬೆ ಏಳುತ್ತಿತ್ತು. ಎರಡು ತುಂಡು ಜೋಡಿಸಿ ಬೆಳಕಿಗೆ ಹಿಡಿದಾಗ ಸಂದಿಯಲ್ಲಿ ಬೆಳಕು ತೂರಿದರೆ ಮತ್ತೆ ಉಜ್ಜಬೇಕು. ಲೇತಿನ ಮುಂದೆ ನಿಂತು ಫೇಸಿಂಗ್, ಟರ್ನಿಂಗ್, ಥ್ರೆಡ್ ಕಟಿಂಗ್ ಕಲಿತೆವು. ವರ್ನಿಯರಿನಲ್ಲಿ 0.02 ಮಿಲಿಮೀಟರನ್ನೂ ಮೈಕ್ರೋಮೀಟರಿನಲ್ಲಿ 0.01 ಮಿಲಿಮೀಟರನ್ನೂ ಓದುವುದು ರೂಢಿಯಾಯಿತು. ಡ್ರಾಯಿಂಗ್ ಶೀಟು ನೋಡಿದರೆ ವಸ್ತುವೇ ಕಣ್ಣಮುಂದೆ ನಿಲ್ಲುತ್ತಿತ್ತು. ಆದರೆ ಗಣಿತ ಮೊದಲ ಎರಡು ಸೆಮಿಸ್ಟರಿಗೇ ಮುಗಿದುಹೋಗಿತ್ತು. ಆಮೇಲಿನ ಎರಡು ವರ್ಷ ಅದರ ಗಾಳಿಯೂ ನಮ್ಮ ಕಡೆ ಸುಳಿಯಲಿಲ್ಲ.

ಕೌನ್ಸೆಲಿಂಗ್ ಮುಗಿದು ಸೀಟು ಕೈಗೆ ಬರುವ ಹೊತ್ತಿಗೆ ಪಾಠ ಶುರುವಾಗಿ ವಾರಗಳೇ ಕಳೆದಿದ್ದವು. ಎಲ್ಲರೂ 'ಎಂ ತ್ರೀ' ಎನ್ನುವ ಮೂರನೇ ಸೆಮಿಸ್ಟರಿನ ಗಣಿತದಲ್ಲಿ ಆಗ ಫೂರಿಯರ್ ಸರಣಿ ನಡೆಯುತ್ತಿತ್ತು. ಮೇಡಂ ಎಕ್ಸ್ ಸ್ಕ್ವೇರನ್ನು ಕಾಸ್ ಎನ್ಎಕ್ಸಿನಿಂದ ಗುಣಿಸಿ ಬರೆದು, "ಬರ್ನೌಲಿ ರೂಲ್ ಹಾಕಿ" ಎಂದು ಒಂದೇ ಸಾಲಿನಲ್ಲಿ ಇಂಟಿಗ್ರೇಟ್ ಮಾಡಿ ಮುಂದೆ ಹೋದರು. ಪಕ್ಕದವರೆಲ್ಲ ತಲೆಯಾಡಿಸಿ ಬರೆದುಕೊಳ್ಳುತ್ತಿದ್ದರು. ಪಿಯುಸಿಯಲ್ಲಿ, ಬಿಇ ಮೊದಲ ವರ್ಷದಲ್ಲಿ ನೂರಾರು ಸಲ ಮಾಡಿದ್ದ ಕೆಲಸ ಅವರಿಗೆ. ನನಗೆ ಆ ಸಾಲು ಎಲ್ಲಿಂದ ಬಂತೆಂದೇ ತಿಳಿಯಲಿಲ್ಲ. ಎದ್ದು ಕೇಳೋಣವೆಂದರೆ ಇಂಗ್ಲಿಷ್ ಬಾಯಿಗೆ ಬರುತ್ತಿರಲಿಲ್ಲ. ಅದರ ಹಿಂದೆಯೇ ಫೂರಿಯರ್ ಟ್ರಾನ್ಸ್‌ಫಾರ್ಮ್, ಝೆಡ್ ಟ್ರಾನ್ಸ್‌ಫಾರ್ಮ್, ವೆಕ್ಟರ್ ಇಂಟಿಗ್ರೇಶನ್ ಸಾಲಾಗಿ ಬಂದವು. ಹೊಸಿಲನ್ನೇ ದಾಟದವನಿಗೆ ಒಳಮನೆಯ ಕೋಣೆಗಳನ್ನು ತೋರಿಸಿದಂತಾಯಿತು.

ನಮ್ಮಂಥವರಿಗೆಂದೇ ಅಡಿಷನಲ್ ಮ್ಯಾಥಮ್ಯಾಟಿಕ್ಸ್ ಎಂಬ ಬ್ರಿಡ್ಜ್ ಕೋರ್ಸ್ ಮೂರನೇ ಮತ್ತು ನಾಲ್ಕನೇ ಸೆಮಿಸ್ಟರಿನಲ್ಲಿ ಇತ್ತು. ಬಿಟ್ಟುಹೋದ ಡಿಫರೆನ್ಷಿಯೇಷನ್, ಇಂಟಿಗ್ರೇಶನ್, ಡಿಫರೆನ್ಷಿಯಲ್ ಈಕ್ವೇಷನ್‌ಗಳನ್ನೆಲ್ಲ ಅಲ್ಲಿ ಹೇಳಿಕೊಡುತ್ತಿದ್ದರು. ಅದನ್ನು ಸೇರಿಸಿದವರ ಉದ್ದೇಶ ಒಳ್ಳೆಯದೇ. ಕಷ್ಟವಿದ್ದದ್ದು ವೇಳೆಯಲ್ಲಿ. ಬೆಳಿಗ್ಗೆ ಎಂ ತ್ರೀ ತರಗತಿಯಲ್ಲಿ ಬೇಕಾಗುತ್ತಿದ್ದ ಇಂಟಿಗ್ರೇಶನ್, ಸಂಜೆಯ ಬ್ರಿಡ್ಜ್ ತರಗತಿಯಲ್ಲಿ ಬರುತ್ತಿದ್ದದ್ದು ಎರಡು ತಿಂಗಳ ನಂತರ. ಉಳಿದವರು ಹಾಸ್ಟೆಲಿಗೆ ಹೋದ ಮೇಲೆ ನಾವು ಕೆಲವರು ದಣಿದು ಕೂತಿರುತ್ತಿದ್ದೆವು. ಬ್ರಿಡ್ಜ್ ಪೇಪರಿಗೆ ಕ್ರೆಡಿಟ್ ಇರಲಿಲ್ಲ, ಆದರೆ ಪಾಸಾಗದಿದ್ದರೆ ಪದವಿಯೂ ಇರಲಿಲ್ಲ.

ಮೊದಲ ಇಂಟರ್ನಲ್ಸ್‌ನಲ್ಲಿ ಕೂತಾಗ ಪ್ರಶ್ನೆಪತ್ರಿಕೆಯ ಅಕ್ಷರ ಓದಲು ಬರುತ್ತಿತ್ತು, ಉತ್ತರ ಶುರುಮಾಡಲು ಬರುತ್ತಿರಲಿಲ್ಲ. ಸೆಮಿಸ್ಟರ್ ಫಲಿತಾಂಶದಲ್ಲಿ ಎಂ ತ್ರೀ ಬ್ಯಾಕ್ ಆಯಿತು. 'ಡಿಪ್ಲೊಮಾದವರು ಲ್ಯಾಬಿಗೆ ಲಾಯಕ್ಕು, ಥಿಯರಿಗಲ್ಲ' ಎಂಬ ಮಾತು ಬೆನ್ನ ಹಿಂದೆ ಕೇಳಿಬರುತ್ತಿತ್ತು. ಆ ಮಾತು ನನ್ನ ನಿದ್ದೆ ಕೆಡಿಸಿತು. ಆ ವರ್ಷ ಊರಿನಲ್ಲಿ ಕಡಲೆಕಾಯಿ ಕೈಗೆ ಹತ್ತಲಿಲ್ಲ. ಅಪ್ಪ ಫೀಸಿಗೆ ಸಾಲ ಎತ್ತಿದ್ದರು. ಓದು ಬಿಟ್ಟು ಕೆಲಸಕ್ಕೆ ಸೇರುತ್ತೇನೆಂದು ಹೇಳಲು ಊರಿಗೆ ಹೋದೆ. ಅಪ್ಪ ತುಂಬ ಹೊತ್ತು ಸುಮ್ಮನಿದ್ದು, "ಆಗದೇ ಇದ್ರೆ ಬಿಡು ಮಗ. ಆದ್ರೆ ಯಾರನ್ನಾದ್ರೂ ಒಂದು ಮಾತು ಕೇಳಿ ಬಿಡು" ಎಂದರು.

ಕೇಳಲು ಹೋದದ್ದು ಹತ್ತಿರದ ಊರಿನಲ್ಲಿದ್ದ ನಿವೃತ್ತ ಗಣಿತದ ಮೇಷ್ಟ್ರ ಹತ್ತಿರ. ನನ್ನ ನೋಟ್ಸ್ ತಿರುವಿಹಾಕಿ, "ಮೊದ್ಲು ಇಂಟಿಗ್ರೇಶನ್ ಕೈಗೆ ತಗೊಳಪ್ಪ, ಆಮೇಲೆ ಫೂರಿಯರ್ರು ಗೀರಿಯರ್ರು" ಎಂದು ಪಿಯುಸಿ ಎರಡನೇ ವರ್ಷದ ಪುಸ್ತಕವನ್ನು ಮುಂದಿಟ್ಟರು. ರಜೆಯಿಡೀ ಅವರ ಜಗಲಿಯ ಮೇಲೆ ಕೂತು ಅದರ ಲೆಕ್ಕಗಳನ್ನು ಮಾಡಿದೆ. ಒಂದು ಪೈಸೆ ತೆಗೆದುಕೊಳ್ಳಲಿಲ್ಲ ಅವರು. ಕನ್ನಡದಲ್ಲಿ ಹೇಳಿದಾಗ ಆ ಲೆಕ್ಕದಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಇಷ್ಟು ಸರಳವಾದದ್ದನ್ನು ಸರಿಯಾದ ಹೊತ್ತಿಗೆ ಯಾರೂ ಹೇಳಲಿಲ್ಲವಲ್ಲ ಎಂದು ಇಂದಿಗೂ ಸಂಕಟವಾಗುತ್ತದೆ. ಬ್ಯಾಕ್ ಪೇಪರ್ ಕಟ್ಟಿ ಪಾಸಾದೆ. ಆರನೇ ಸೆಮಿಸ್ಟರಿನ ಹೀಟ್ ಟ್ರಾನ್ಸ್‌ಫರ್, ಫೈನೈಟ್ ಎಲಿಮೆಂಟ್ ಬರುವ ಹೊತ್ತಿಗೆ ಸಮೀಕರಣ ಕಂಡರೆ ಎದೆ ಹೊಡೆದುಕೊಳ್ಳುವುದು ನಿಂತಿತ್ತು.

ಆ ಮೂರು ವರ್ಷ ನನ್ನನ್ನು ಉಳಿಸಿದ್ದು ಪಾಲಿಟೆಕ್ನಿಕ್ ವಿದ್ಯೆಯೇ. ಮೆಷಿನ್ ಡ್ರಾಯಿಂಗಿನಲ್ಲಿ, ಮೆಷಿನ್ ಶಾಪಿನಲ್ಲಿ ತರಗತಿಯವರು ನನ್ನ ಬಳಿ ಬಂದು ಕೇಳುತ್ತಿದ್ದರು. ಅವರು ನನಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯುವುದನ್ನು ತೋರಿಸಿದರು, ನಾನು ಅವರಿಗೆ ಟೂಲ್ ಸೆಟ್ ಮಾಡುವುದನ್ನು ತೋರಿಸಿದೆ. ಕಂಪನಿಯೊಂದರ ಸಂದರ್ಶನದಲ್ಲಿ ಒಂದು ಡ್ರಾಯಿಂಗ್ ಕೊಟ್ಟು, ಶಾಫ್ಟು ತೂತಿಗೆ ಸೇರುವಲ್ಲಿ ಬರೆದಿದ್ದ ಎಚ್7/ಜಿ6 ಎಂದರೇನು ಎಂದು ಕೇಳಿದರು. ಶಾಫ್ಟು ತೂತಿನೊಳಗೆ ಸಡಿಲವಾಗಿ, ಆದರೆ ಅಲುಗಾಡದಂತೆ ಜಾರುವ ಕ್ಲಿಯರೆನ್ಸ್ ಫಿಟ್ ಎಂದೆ. ಡಿಪ್ಲೊಮಾದಲ್ಲಿ ಕೈಯಾರೆ ಮಾಡಿದ್ದೆ. ಕೆಲಸ ಸಿಕ್ಕಿತು. ಕೆಲಸಕ್ಕೆ ಸೇರಿಸಿದ್ದು ಡಿಪ್ಲೊಮಾ. ಶಾಪ್ ಫ್ಲೋರಿನಿಂದ ಡಿಸೈನ್ ವಿಭಾಗಕ್ಕೆ ಏರಿಸಿದ್ದು ಅಷ್ಟು ಅಳಿಸಿದ ಆ ಗಣಿತ.

ನನ್ನ ಜೊತೆ ಸೇರಿದ ಡಿಪ್ಲೊಮಾ ಹುಡುಗರಲ್ಲಿ ಕೆಲವರು ನಡುವೆಯೇ ಬಿಟ್ಟುಹೋದರು. ಅವರು ದಡ್ಡರಲ್ಲ. ಅವರಿಗೆ ಜಗಲಿ ಇದ್ದ ಮೇಷ್ಟ್ರು ಸಿಗಲಿಲ್ಲ, ಅಷ್ಟೇ. ಎಂಜಿನಿಯರಿಂಗ್ ಕಾಲೇಜು ನಡೆಸುವವರಲ್ಲಿ ನನ್ನ ಕೋರಿಕೆ ಒಂದೇ: ಬ್ರಿಡ್ಜ್ ಕೋರ್ಸನ್ನು ಮೂರನೇ ಸೆಮಿಸ್ಟರಿನ ಜೊತೆಗೆ ನಡೆಸಬೇಡಿ, ಅದಕ್ಕೂ ಮೊದಲು ನಡೆಸಿ, ಬೇಕಾದಲ್ಲಿ ಕನ್ನಡದಲ್ಲಿ ಹೇಳಿ. ಡಿಸಿಇಟಿ ಬರೆದು ಸೀಟಿಗಾಗಿ ಕಾಯುತ್ತಿರುವ ತಮ್ಮ ತಂಗಿಯರೇ, ಈ ಎರಡು ತಿಂಗಳು ಸುಮ್ಮನೆ ಕಳೆಯಬೇಡಿ. ಪಿಯುಸಿ ಎರಡನೇ ವರ್ಷದ ಗಣಿತದ ಪುಸ್ತಕ ತಂದು, ಇಂಟಿಗ್ರೇಶನ್ ಪಾಠದಿಂದ ಇಂದೇ ಶುರುಮಾಡಿ.