ಮಾವನ ಮೆಶಿನು

ನನ್ನ ಸೋದರಮಾವನ ಬಳಿ ಒಂದು ಹಳೆಯ ಮೆಶಿನು ಇತ್ತು. ದೋಣಿಯ ಹಿಂಭಾಗಕ್ಕೆ ಹೊರಗಿನಿಂದ ಸಿಕ್ಕಿಸುವ ಯಂತ್ರ ಅದು. ಪುಸ್ತಕಗಳಲ್ಲಿ ಅದನ್ನು ಔಟ್‌ಬೋರ್ಡ್ ಎಂಜಿನ್ ಎನ್ನುತ್ತಾರೆ. ಕುಂಬಳೆಯ ಕಡಲ ತೀರದಲ್ಲಿರುವ ನಮ್ಮ ಕೇರಿಯವರಿಗೆಲ್ಲ ಅದು ಬರೀ ಮೆಶಿನು. ಎಂಟು ಅಶ್ವಶಕ್ತಿಯ, ಜಪಾನಿನಲ್ಲಿ ತಯಾರಾದ ಆ ಯಂತ್ರವನ್ನು ಮಾವ ಬೇರೆಯವರಿಂದ ಕೊಂಡಿದ್ದರು. ಅದರ ಬಣ್ಣ ಹೋಗಿತ್ತು. ಮೇಲಿನ ಮುಚ್ಚಳ ಬಿರುಕುಬಿಟ್ಟಿದ್ದರಿಂದ ಅದಕ್ಕೆ ಹಗ್ಗ ಸುತ್ತಿದ್ದರು. ಕಡಲಿನಿಂದ ಬಂದ ಮೇಲೆ ಮಾವ ಅದನ್ನು ಬಿಚ್ಚಿ ಹೆಗಲ ಮೇಲೆ ಹೊತ್ತು ತಂದು, ಚಾವಡಿಯ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು. ಚಾವಡಿಯಲ್ಲೆಲ್ಲ ಸೀಮೆಎಣ್ಣೆಯ ವಾಸನೆ. "ಮನೆಯಲ್ಲಿ ಊಟ ಮಾಡುವುದೋ ಎಣ್ಣೆ ಕುಡಿಯುವುದೋ?" ಎಂದು ಅಜ್ಜಿ ದಿನವೂ ಗೊಣಗುತ್ತಿದ್ದರು.

ಅಜ್ಜನ ಕಾಲದಲ್ಲಿ ನಮ್ಮವರು ಹುಟ್ಟು ಹಾಕಿಕೊಂಡು, ಹಾಯಿ ಕಟ್ಟಿಕೊಂಡು ಕಡಲಿಗೆ ಹೋಗುತ್ತಿದ್ದರು. 1980ರ ದಶಕದಲ್ಲಿ ಕೇರಳದ ಕರಾವಳಿಯ ದೋಣಿಗಳಿಗೆ ಮೆಶಿನುಗಳು ಬಂದವು. ಈ ಬಗೆಯ ಯಂತ್ರವನ್ನು ಜನರಿಗೆ ಹತ್ತಿರ ಮಾಡಿದವರಲ್ಲಿ ಓಲೆ ಎವಿನ್‌ರೂಡ್ ಎಂಬವರು ಮುಖ್ಯರು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಅವರು 1909ರಲ್ಲಿ ಇಂತಹ ಯಂತ್ರಗಳನ್ನು ಮಾರಲು ಆರಂಭಿಸಿದರು. ಒಮ್ಮೆ ಸರೋವರದ ನಡುವಿನ ದ್ವೀಪಕ್ಕೆ ಐಸ್‌ಕ್ರೀಮ್ ತರಲು ಅವರು ದೋಣಿಗೆ ಹುಟ್ಟು ಹಾಕುತ್ತಾ ಹೋದರಂತೆ. ಮರಳಿ ಬರುವಷ್ಟರಲ್ಲಿ ಅದು ಕರಗಿಹೋಗಿತ್ತಂತೆ. ಆಗಲೇ ದೋಣಿಗೊಂದು ಯಂತ್ರ ಬೇಕೆಂಬ ಯೋಚನೆ ಅವರಿಗೆ ಬಂತು ಎಂದು ಕಥೆ. ನಾನು ಇದನ್ನು ಓದಿ ಹೇಳಿದಾಗ ಅಜ್ಜಿ ನಂಬಲಿಲ್ಲ. "ಐಸ್‌ಕ್ರೀಮಿಗಾಗಿಯಾ?" ಎಂದು ಎರಡು ಸಲ ಕೇಳಿದರು.

ನಮ್ಮವರಿಗೆ ಮೆಶಿನು ಬೇಕಾಗಿದ್ದದ್ದು ಅಳಿವೆ ದಾಟಲು. ಹೊಳೆಯು ಕಡಲನ್ನು ಸೇರುವ ಜಾಗವೇ ಅಳಿವೆ. ಶಿರಿಯ ಹೊಳೆಯ ಅಳಿವೆಯನ್ನು ನೀವು ಮಳೆಗಾಲದಲ್ಲಿ ನೋಡಿದ್ದೀರಾ? ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಕಡಲಿನ ತೆರೆ ಒಳಗೆ ನುಗ್ಗುತ್ತದೆ. ಕೆಳಗೆ ಮರಳಿನ ದಿಬ್ಬ ಇರುವುದರಿಂದ ತೆರೆಗಳು ಅಲ್ಲಿ ಎದ್ದು ಒಡೆಯುತ್ತವೆ. ದೋಣಿಯ ಮೂತಿ ತೆರೆಗೆ ಎದುರಾಗಿದ್ದರೆ ಅದು ತೆರೆಯನ್ನು ಏರಿ ಇಳಿಯುತ್ತದೆ. ಅಡ್ಡ ತಿರುಗಿದರೆ ನೀರು ತುಂಬಿ ಮಗುಚುತ್ತದೆ. ಮೆಶಿನು ನಿಂತ ದೋಣಿ ಅಡ್ಡ ತಿರುಗಲು ಹೆಚ್ಚು ಹೊತ್ತು ಬೇಡ. ಹೀಗಾಗಿ ಮೆಶಿನು ಕೆಮ್ಮಿದರೆ ಸಾಕು, ಮಾವ ಅಂದು ಕಡಲಿಗೆ ಇಳಿಯುತ್ತಿರಲಿಲ್ಲ. ಮೊದಲು ರೋಗ ಯಾವುದೆಂದು ತಿಳಿಯಬೇಕು ಎನ್ನುತ್ತಿದ್ದರು.

ರೋಗ ಹುಡುಕುವಾಗ ಟಾರ್ಚು ಹಿಡಿಯುವ ಕೆಲಸ ನನ್ನದು. ಎಣ್ಣೆಯ ಹತ್ತಿರ ದೀಪ, ಬೆಂಕಿಕಡ್ಡಿ ತರುವಂತಿರಲಿಲ್ಲ. ಅತಿಥಿಗಳು ಬೀಡಿ ಹಚ್ಚಿದರೂ ಮಾವ ಅವರನ್ನು ಅಂಗಳದ ಆಚೆ ಕಳುಹಿಸುತ್ತಿದ್ದರು.

ಮಾವನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಹೇಗೆ ನಿಂತಿತು?" ಲೈಟಿನ ಸ್ವಿಚ್ಚು ಆರಿಸಿದಂತೆ ಒಮ್ಮೆಲೇ ನಿಂತರೆ ಪ್ಲಗ್, ತಂತಿಗಳನ್ನು ನೋಡಬೇಕು. ಅಲ್ಲಿ ಕಿಡಿ ಹುಟ್ಟುತ್ತಿಲ್ಲ. ಕೆಮ್ಮಿ, ಏದುಸಿರು ಬಿಟ್ಟು, ಸ್ವಲ್ಪ ಚೇತರಿಸಿಕೊಂಡು, ಮತ್ತೆ ಕೆಮ್ಮಿ ನಿಂತರೆ ಅದಕ್ಕೆ ಹೊಟ್ಟೆಗೆ ಸಾಲುತ್ತಿಲ್ಲ. ಎಣ್ಣೆಯ ದಾರಿಯಲ್ಲಿ ಎಲ್ಲೋ ತಡೆಯಿದೆ. ಆ ದಾರಿಯನ್ನು ಟ್ಯಾಂಕಿನಿಂದಲೇ ನೋಡುತ್ತಾ ಬರಬೇಕು. ಕೆಲವರು ಮೆಶಿನು ನಿಂತ ಕೂಡಲೇ ಅದರ ಹೊಟ್ಟೆ ಬಿಚ್ಚುತ್ತಾರೆ. ಅದು ನನಗೆ ಈಗಲೂ ಸರಿ ಕಾಣುವುದಿಲ್ಲ. ನಲ್ಲಿಯಲ್ಲಿ ನೀರು ಬಾರದಿದ್ದರೆ ಮೊದಲು ತೊಟ್ಟಿಯಲ್ಲಿ ನೀರಿದೆಯೇ ಎಂದು ನೋಡುವುದಿಲ್ಲವೇ?

ಟ್ಯಾಂಕಿನ ಮುಚ್ಚಳದಲ್ಲಿ ಒಂದು ಪುಟ್ಟ ತಿರುಪು ಇರುತ್ತದೆ. ಎಣ್ಣೆ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ತಿರುಪನ್ನು ಸಡಿಲಿಸದಿದ್ದರೆ ಗಾಳಿ ಬರುವುದಿಲ್ಲ. ಹತ್ತು ನಿಮಿಷ ಚೆನ್ನಾಗಿ ಓಡಿದ ಮೆಶಿನು ಆಮೇಲೆ ಸೊರಗಿ ನಿಲ್ಲುತ್ತದೆ. ತಿರುಪು ತೆರೆದರೆ 'ಸುಯ್' ಎಂದು ಗಾಳಿ ಒಳಗೆ ಹೋಗುವುದು ಕೇಳುತ್ತದೆ. ಅಷ್ಟೇ ರೋಗ, ಅಷ್ಟೇ ಮದ್ದು.

ಟ್ಯಾಂಕಿನಿಂದ ಮೆಶಿನಿಗೆ ಹೋಗುವ ಪೈಪಿನ ನಡುವೆ ಕೈಯಲ್ಲಿ ಹಿಡಿದು ಅದುಮುವ ಒಂದು ರಬ್ಬರಿನ ಉಂಡೆ ಇರುತ್ತದೆ. ಮೆಶಿನು ಚಾಲೂ ಮಾಡುವ ಮೊದಲು ಅದನ್ನು ನಾಲ್ಕೈದು ಸಲ ಅದುಮಿದರೆ ಎಣ್ಣೆ ಮುಂದಕ್ಕೆ ಹೋಗಿ ಉಂಡೆ ಗಟ್ಟಿಯಾಗುತ್ತದೆ. ಅದು ವೈದ್ಯರು ನಾಡಿ ಹಿಡಿದು ನೋಡುವ ಜಾಗವಿದ್ದಂತೆ. ಉಂಡೆ ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗಿದ್ದರೆ ತಡೆ ಟ್ಯಾಂಕಿನ ಕಡೆ ಇದೆ. ಎಷ್ಟು ಅದುಮಿದರೂ ಗಟ್ಟಿಯಾಗದಿದ್ದರೆ ಪೈಪಿನಲ್ಲೋ ಜೋಡಣೆಯಲ್ಲೋ ಗಾಳಿ ಸೇರುತ್ತಿದೆ. ಉಂಡೆ ಗಟ್ಟಿಯಾಗಿದ್ದೂ ಮೆಶಿನು ಕೆಮ್ಮುತ್ತಿದ್ದರೆ ತೊಂದರೆ ಮುಂದಿನ ಭಾಗದಲ್ಲಿದೆ.

ನೀರು ಸೇರಿದರೂ ಮೆಶಿನು ಕೆಮ್ಮುತ್ತದೆ. ಮಾವ ಟ್ಯಾಂಕಿನ ತಳದಿಂದ ಸ್ವಲ್ಪ ಸೀಮೆಎಣ್ಣೆ ತೆಗೆದು ಗಾಜಿನ ಬಾಟಲಿಗೆ ಹಾಕಿ ಗೂಡಿನಲ್ಲಿ ಇಡುತ್ತಿದ್ದರು. ನೀರು ಸೀಮೆಎಣ್ಣೆಗಿಂತ ಭಾರ, ಅವೆರಡೂ ಬೆರೆಯುವುದಿಲ್ಲ. ಸ್ವಲ್ಪ ಹೊತ್ತಿಗೆ ಬಾಟಲಿಯ ತಳದಲ್ಲಿ ಒಂದು ಗೆರೆ ಕಾಣಿಸಿದರೆ, ಗೆರೆಯ ಕೆಳಗಿರುವುದು ನೀರು. ಆ ಗೆರೆಯನ್ನು ಮೊದಲು ಕಂಡು ಕೂಗುವುದು ನನಗೆ ಬಹಳ ಇಷ್ಟವಾಗಿತ್ತು.

ಸೀಮೆಎಣ್ಣೆಯಲ್ಲಿ ಓಡುವ ಮೆಶಿನಿಗೆ ಇನ್ನೊಂದು ಕ್ರಮವೂ ಇದೆ. ತಣ್ಣಗಿರುವಾಗ ಅದು ಸೀಮೆಎಣ್ಣೆಯಲ್ಲಿ ಚಾಲೂ ಆಗುವುದಿಲ್ಲ. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಬೇಕು. ಇಲ್ಲದಿದ್ದರೆ ಕಾರ್ಬರೇಟರಿನಲ್ಲಿ ಸೀಮೆಎಣ್ಣೆ ಉಳಿದು, ಮರುದಿನ ಹಗ್ಗ ಎಳೆದೂ ಎಳೆದೂ ಭುಜ ನೋಯುತ್ತದೆ.

ಎಣ್ಣೆಯನ್ನು ಗಾಳಿಯೊಂದಿಗೆ ಬೆರೆಸುವ ಭಾಗವೇ ಕಾರ್ಬರೇಟರ್. ಅದರಲ್ಲಿ ಜೆಟ್ ಎಂಬ ಹಿತ್ತಾಳೆಯ ಸಣ್ಣ ತುಂಡು ಇದೆ. ಅದರ ತೂತು ಸೂಜಿಯ ಮೊನೆಯಷ್ಟು ಸಣ್ಣದು. ವಾರಗಟ್ಟಲೆ ಮೆಶಿನು ಓಡಿಸದೆ ಇಟ್ಟರೆ ಪೆಟ್ರೋಲು ಆರಿ, ಹಲಸಿನ ಮೇಣದಂತಹ ಅಂಟು ಉಳಿದು ತೂತು ಮುಚ್ಚುತ್ತದೆ. ಮಾವ ಅದಕ್ಕೆ ತಂತಿ ತೂರಿಸಲು ಬಿಡುತ್ತಿರಲಿಲ್ಲ. ಹಿತ್ತಾಳೆ ಮೆತ್ತಗಿನ ಲೋಹ. ತಂತಿ ತಾಗಿದರೆ ತೂತು ದೊಡ್ಡದಾಗುತ್ತದೆ, ಮತ್ತೆ ಎಣ್ಣೆಯ ಲೆಕ್ಕವೇ ತಪ್ಪುತ್ತದೆ. ಜೆಟ್ಟನ್ನು ಪೆಟ್ರೋಲಿನಲ್ಲಿ ನೆನೆಸಿಟ್ಟು, ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಬೆಳಕಿಗೆ ಹಿಡಿದು ನೋಡುತ್ತಿದ್ದರು. "ಬೆಳಕು ಕಾಣುತ್ತದಾ ಮಗಳೇ?" ಎಂದು ನನಗೂ ಕೊಡುತ್ತಿದ್ದರು.

1998ರ ಮಳೆಗಾಲ. ಕೇರಳದಲ್ಲಿ 1988ರಿಂದಲೂ ಮಳೆಗಾಲದಲ್ಲಿ ದೊಡ್ಡ ಟ್ರಾಲ್ ಬೋಟುಗಳು ಕೆಲವು ವಾರ ಕಡಲಿಗೆ ಹೋಗುವಂತಿಲ್ಲ. ಈಗ ಆ ಅವಧಿ 52 ದಿನ. ಆಗ ಮಾವನಂತಹ ಸಣ್ಣ ದೋಣಿಯವರಿಗೆ ಒಳ್ಳೆಯ ಸಂಪಾದನೆಯ ಕಾಲ. ಅಂದು ಮಧ್ಯಾಹ್ನ ಮಾವ ಮತ್ತು ಇನ್ನಿಬ್ಬರು ಬಂಗುಡೆ ತುಂಬಿಕೊಂಡು ಮರಳುತ್ತಿದ್ದರು. ನಾವು ದಡದಲ್ಲಿ ಬುಟ್ಟಿ ಹಿಡಿದು ಕಾಯುತ್ತಿದ್ದೆವು. ಅಳಿವೆಯ ಹತ್ತಿರ ಬಂದಾಗ ಮೆಶಿನಿನ ಸದ್ದು ಒಡೆಯಿತು. ಕೆಮ್ಮಿತು. ನಿಂತಿತು.

ಅಜ್ಜಿ ಬುಟ್ಟಿ ಕೆಳಗಿಟ್ಟರು. ಯಾರೂ ಮಾತಾಡಲಿಲ್ಲ.

ಒಬ್ಬರು ಲಂಗರು ಎಸೆದರು. ಇನ್ನೊಬ್ಬರು ಹುಟ್ಟು ಹಿಡಿದು, ದೋಣಿಯ ಮೂತಿ ತೆರೆಗೆ ಎದುರಾಗಿರುವಂತೆ ಹಿಡಿದು ನಿಲ್ಲಿಸಿದರು. ದೋಣಿ ತೆರೆಯ ಮೇಲೆ ಏರುವಾಗ ಕಾಣುತ್ತಿತ್ತು, ಇಳಿಯುವಾಗ ಕಾಣುತ್ತಿರಲಿಲ್ಲ. ಅಷ್ಟು ಹೊತ್ತು ಮಾವ ಮಾಡುತ್ತಿದ್ದದ್ದು ಏನೆಂದು ನಮಗೆ ಆಮೇಲೆ ತಿಳಿಯಿತು. ಅವರು ಮುಚ್ಚಳದ ತಿರುಪು ನೋಡಿದರು, ತೆರೆದೇ ಇತ್ತು. ಉಂಡೆ ಹಿಡಿದು ನೋಡಿದರು, ಗಟ್ಟಿಯಾಗಿತ್ತು. ಪೆಟ್ರೋಲಿಗೆ ತಿರುಗಿಸಿ ಹಗ್ಗ ಎಳೆದು ಉಂಡೆಯನ್ನು ಅದುಮುತ್ತಾ ಹೋದಾಗ ಮೆಶಿನು ಓಡಿತು. ಅದುಮುವುದನ್ನು ಬಿಟ್ಟ ಕೂಡಲೇ ಕೆಮ್ಮಿತು. ಎಂದರೆ ಎಣ್ಣೆಯನ್ನು ಎಳೆದುಕೊಳ್ಳುವ ಮೆಶಿನಿನ ಪಂಪು ಸೋತಿದೆ. ಆ ಪಂಪಿನ ಕೆಲಸವನ್ನು ಕೈಯಿಂದಲೇ ಮಾಡಬೇಕು.

ದೊಡ್ಡ ತೆರೆಗಳು ಮೂರು ನಾಲ್ಕು ಬಂದ ಮೇಲೆ ಕಡಲು ಸ್ವಲ್ಪ ತಗ್ಗುತ್ತದೆ. ಅದಕ್ಕಾಗಿ ಕಾದು, ಲಂಗರು ಎಳೆಸಿ, ಬಲಗೈಯಲ್ಲಿ ಮೆಶಿನಿನ ಹಿಡಿ, ಎಡಗೈಯಲ್ಲಿ ಉಂಡೆ ಹಿಡಿದು, ಅದುಮುತ್ತಲೇ ಮಾವ ಅಳಿವೆಯನ್ನು ದಾಟಿ ಒಳಗೆ ಬಂದರು. ದಡಕ್ಕೆ ಬಂದ ಮೇಲೂ ಅವರ ಎಡಗೈ ಬೆರಳುಗಳು ಬಿಡಿಸಿಕೊಳ್ಳಲಿಲ್ಲ. ಅಮ್ಮ ಬಿಸಿನೀರಿನಲ್ಲಿ ಅದ್ದಿ ಒಂದೊಂದಾಗಿ ಬಿಡಿಸಿದರು.

ಸಂಜೆ ಪಂಪು ಬಿಚ್ಚಿದೆವು. ಅದರೊಳಗೆ ಈರುಳ್ಳಿಯ ಸಿಪ್ಪೆಯಷ್ಟು ತೆಳುವಾದ ಒಂದು ಪೊರೆ ಇರುತ್ತದೆ. ಮೆಶಿನು ಓಡುವಾಗ ಅದರ ಒಳಗಿನ ಒತ್ತಡ ಏರಿ ಇಳಿಯುತ್ತದೆ. ಅದರಿಂದ ಈ ಪೊರೆ ಅಲುಗಾಡಿ ಎಣ್ಣೆಯನ್ನು ಎಳೆಯುತ್ತದೆ. ನಮ್ಮ ಪೊರೆ ಹಳತಾಗಿ ಗಟ್ಟಿಯಾಗಿತ್ತು. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಮೂವರ ಜೀವ ಅಷ್ಟರಲ್ಲಿತ್ತು.

ಹತ್ತಿರದ ಅಂಗಡಿಗಳಲ್ಲಿ ಅದು ಸಿಗಲಿಲ್ಲ. ಸೈಕಲ್ ಟ್ಯೂಬು ಕತ್ತರಿಸಿ ಹಾಕಬಹುದಲ್ಲ ಎಂದು ನೆರೆಯವರು ಹೇಳಿದರು. ಮಾವ ಬೇಡವೆನ್ನಲಿಲ್ಲ. ಟ್ಯೂಬಿನ ತುಂಡೊಂದನ್ನು ರಾತ್ರಿ ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಟ್ಟರು. ಬೆಳಗ್ಗೆ ಅದು ಉಬ್ಬಿ ಮೆತ್ತಗಾಗಿತ್ತು. ನೆರೆಯವರಿಗೆ ತೋರಿಸಿ ಎಸೆದರು. ಮಂಗಳೂರಿನಿಂದ ಹೊಸ ಪೊರೆ ಬರುವವರೆಗೆ ಮೂರು ದಿನ ಉಳಿದ ದೋಣಿಗಳು ಬಂಗುಡೆ ತುಂಬಿಕೊಂಡು ಬರುತ್ತಿದ್ದವು. ಮಾವ ಚಾವಡಿಯಲ್ಲಿ ಕುಳಿತು ಬಲೆ ಹೊಲಿಯುತ್ತಿದ್ದರು. ಅಜ್ಜಿ ನೆರೆಮನೆಯಿಂದ ಅಕ್ಕಿ ಕಡ ತಂದರು. ಆ ಮೂರು ದಿನ ಅವರು ಮೆಶಿನಿನ ಬಗ್ಗೆ ಗೊಣಗಲೇ ಇಲ್ಲ.

ಈಗ ಕಾಲ ಬದಲಾಗಿದೆ. ಸೀಮೆಎಣ್ಣೆ ತುಟ್ಟಿಯಾಗಿದೆ, ಹಲವರು ಪೆಟ್ರೋಲಿನ ಹೊಸ ಮೆಶಿನು ಕೊಂಡಿದ್ದಾರೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಬೆರೆತಿದೆ. ಎಥನಾಲ್ ನೀರನ್ನು ಸೆಳೆಯುತ್ತದೆ. ಕಡಲ ತೀರದ ತೇವದಲ್ಲಿ ತುಂಬಾ ದಿನ ಇಟ್ಟ ಪೆಟ್ರೋಲು ಕೆಡುತ್ತದೆ. ಹಳೆಯ ಮೆಶಿನುಗಳ ರಬ್ಬರ್ ಪೈಪುಗಳೂ ಬೇಗ ಹಾಳಾಗಬಹುದು. ಅದಕ್ಕೇ ಈಗ ಅನೇಕರು ವಾರಕ್ಕೆ ಬೇಕಾದಷ್ಟೇ ಕೊಳ್ಳುತ್ತಾರೆ.

ಮಾವನಿಗೆ ವಯಸ್ಸಾಗಿದೆ. ಮೆಶಿನನ್ನು ಕೇರಿಯ ಒಬ್ಬ ಹುಡುಗನಿಗೆ ಕೊಟ್ಟಿದ್ದಾರೆ. ಕಳೆದ ತಿಂಗಳು ನಾನು ಊರಿಗೆ ಹೋಗಿದ್ದಾಗ ಅವನ ಫೋನು ಬಂತು. "ಮಾವಾ, ಹೊಳೆಯಲ್ಲಿದ್ದೇನೆ. ಸ್ವಲ್ಪ ಹೊತ್ತು ಚೆನ್ನಾಗಿ ಓಡುತ್ತದೆ, ಆಮೇಲೆ ನಿಲ್ಲುತ್ತದೆ."

"ಹೇಗೆ ನಿಂತಿತು?"

"ಕೆಮ್ಮಿ ಕೆಮ್ಮಿ."

"ಉಂಡೆ ಹೇಗಿದೆ?"

"ಒಳಕ್ಕೆ ಹೋಗಿ ಚಪ್ಪಟೆಯಾಗಿದೆ."

ಮಾವ ನನ್ನ ಕಡೆ ನೋಡಿ ಫೋನನ್ನು ನನ್ನ ಕೈಗೆ ಕೊಟ್ಟರು. ನಾನು ಮುಚ್ಚಳದ ತಿರುಪಿನ ಬಗ್ಗೆ ಕೇಳಿದೆ. ಆ ಕಡೆಯಿಂದ ಮಾತಿಲ್ಲ. 'ಸುಯ್' ಎಂಬ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಹಗ್ಗ ಎಳೆದ ಸದ್ದು, ಅದರ ಹಿಂದೆಯೇ ಮೆಶಿನಿನ ಸದ್ದು.